ಮೇಸ್ತ್ರಿ ಕೊಟ್ಟ ಅರ್ಜಿ

ಹೋದ ತಿಂಗಳು ಮನೆ ಬದಲಾಯಿಸಿದೆವು. ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲೇ ಒಂದು ಕಟ್ಟಡದಿಂದ ಇನ್ನೊಂದಕ್ಕೆ. ಹೆಂಡತಿ ಆಸೆಪಟ್ಟು ತರಿಸಿದ ಗಾಜಿನ ಕಪಾಟು ಮರದ ಪೆಟ್ಟಿಗೆಯಲ್ಲಿ ಬಂತು. ತಂದವರು ಮೊಳೆ ಕಿತ್ತು ಹಲಗೆ ಎತ್ತಿದ್ದೇ ತಡ, ಹೊಸದಾಗಿ ಕೊಯ್ದ ಪೈನ್ ಮರದ ವಾಸನೆ ಹಾಲ್ ತುಂಬ ಹರಡಿತು. ಹೆಂಡತಿ ಕಪಾಟು ನೋಡುತ್ತಿದ್ದಳು, ನಾನು ಪೆಟ್ಟಿಗೆ ನೋಡುತ್ತಿದ್ದೆ. ಮೊಳೆಗಳು ಒಂದೇ ಸಾಲಿನಲ್ಲಿರಲಿಲ್ಲ. ಮೇಸ್ತ್ರಿ ಕಂಡಿದ್ದರೆ ಎಲ್ಲವನ್ನೂ ಕೀಳಿಸಿ ಮತ್ತೆ ಹೊಡೆಸುತ್ತಿದ್ದರು ಅಂದುಕೊಂಡೆ. ಅವರ ನೆನಪು ನನಗೆ ಯಾವತ್ತೂ ಸುಖವಾಗಿ ಬಂದದ್ದಿಲ್ಲ.

ಆಗ ನಾನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಕಂಪೆನಿಯಲ್ಲಿದ್ದೆ. ದೊಡ್ಡ ದೊಡ್ಡ ಯಂತ್ರಗಳನ್ನು ಮರದ ಪೆಟ್ಟಿಗೆಗಳಲ್ಲಿ ಭದ್ರ ಮಾಡಿ ಹಡಗಿಗೆ ಕಳಿಸುವ ಕಂಪೆನಿ. ಕೆಳಗಿನ ಶೆಡ್ಡಿನಲ್ಲಿ ಪೆಟ್ಟಿಗೆ ಮಾಡುವ ಬಡಗಿಗಳಿಗೆಲ್ಲ ಅವರು ಮೇಸ್ತ್ರಿ. ಮೇಲಿನ ಎ.ಸಿ. ಕೋಣೆಯಲ್ಲಿ ಕಾಗದಪತ್ರದ ಗುಮಾಸ್ತ ನಾನು. ಯಾವ ಸರಕಿನ ಜೊತೆ ಯಾವ ಕಾಗದದ ಒರಿಜಿನಲ್ ಹೋಗಬೇಕು, ಯಾವುದರ ಕಾಪಿ ಸಾಕು ಎಂಬುದೇ ನನ್ನ ಇಡೀ ವಿದ್ಯೆ. ದಿನಾ ಸಂಜೆ ನಾಲ್ಕಕ್ಕೆ ಕೊರಿಯರಿನವನು ಬಂದು ನನ್ನ ಮೇಜಿನಿಂದ ಲಕೋಟೆಗಳನ್ನು ಒಯ್ಯುತ್ತಿದ್ದ. ಕಾಗದ ಕಳಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ ಸಾಕಷ್ಟಿತ್ತು.

ಮೇಸ್ತ್ರಿ ಉಡುಪಿ ಕಡೆಯವರು, ಕಾಪುವಿನ ಹತ್ತಿರದ ಒಂದು ಊರು. ಕಿವಿಯ ಮೇಲೆ ಚಪ್ಪಟೆ ಪೆನ್ಸಿಲ್ಲು, ಹುಬ್ಬಿನ ಮೇಲೆ ಸದಾ ಮರದ ಹೊಟ್ಟು. ನಮ್ಮ ಕೋಣೆಗೆ ಬರುವಾಗ ಬಾಗಿಲಲ್ಲೇ ಶೂ ಬಿಚ್ಚುತ್ತಿದ್ದರು. ಯಾರೂ ಹಾಗೆ ಮಾಡುತ್ತಿರಲಿಲ್ಲ, ಬೇಡವೆಂದರೂ ಅವರು ಕೇಳುತ್ತಿರಲಿಲ್ಲ. ಯಾವ ಮಾತು ಮುಗಿದರೂ ಕೊನೆಗೊಮ್ಮೆ ‘ಆವು’ ಅನ್ನುವುದು ಅವರ ರೂಢಿ. ತುಳುವಿನಲ್ಲಿ ‘ಆಯಿತು’ ಅಂತ. ಮೈಸೂರಿನವನಾದ ನನಗೆ ಬಂದ ತುಳು ಅಷ್ಟೇ.

ಎರಡು ಸಾವಿರದ ಹನ್ನೆರಡರ ಕೊನೆಯಲ್ಲಿ ಒಂದು ದಿನ ಊಟದ ಬಿಡುವಿನಲ್ಲಿ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು. ಮುಂದಿನ ವರ್ಷ ಕರ್ನಾಟಕದಲ್ಲಿ ವಿಧಾನಸಭೆಯ ಚುನಾವಣೆ. ಹೊರದೇಶದಲ್ಲಿರುವವರೂ ಈಗ ಪಾಸ್‌ಪೋರ್ಟಿನ ವಿಳಾಸದ ಮೇಲೆ ಪಟ್ಟಿಯಲ್ಲಿ ಹೆಸರು ಸೇರಿಸಬಹುದಂತೆ, ಅದಕ್ಕೆ ಬೇರೆಯೇ ಅರ್ಜಿ ಉಂಟಂತೆ, ತುಂಬಿಕೊಡಬೇಕಂತೆ. ನನಗೆ ನಗು ಬಂತು. ನಿಮ್ಮ ವೋಟರ್ ಕಾರ್ಡು ಊರಿನ ಮನೆಯಲ್ಲಿದೆ, ಹೆಸರು ಪಟ್ಟಿಯಲ್ಲಿದೆ. ಊರಲ್ಲಿದ್ದರೆ ಹೋಗಿ ಹಾಕುವುದು, ಇಲ್ಲದಿದ್ದರೆ ಇಲ್ಲ. ಗಲ್ಫಿನಲ್ಲಿರುವ ನಮ್ಮವರೆಲ್ಲ ಮಾಡುವುದು ಅಷ್ಟೇ ಅಲ್ಲವೇ ಎಂದೆ.

ಅವರು ಕುಳಿತುಕೊಂಡರು. ಹಿಂದೊಮ್ಮೆ ರಜೆಯಲ್ಲಿ ಊರಿಗೆ ಹೋದಾಗ ಹಾಗೆಯೇ ಮತ ಹಾಕಲು ಹೋಗಿದ್ದರಂತೆ. ಸಾಲಿನಲ್ಲಿದ್ದ ಯಾವನೋ ಪಕ್ಷದ ಹುಡುಗ, ಇವರು ಇಲ್ಲಿ ವಾಸವಿಲ್ಲ, ದುಬೈಯವರು ಅಂತ ಎಲ್ಲರೆದುರು ಕೂಗಿದನಂತೆ. ಕೊನೆಗೆ ಬಿಟ್ಟರು, ಮತವನ್ನೂ ಹಾಕಿದರು. ಆದರೆ...

“ಕಳ್ಳನ ಹಾಗೆ ಆಯ್ತು ಮಾರಾಯ್ರೆ. ಅವ ಹೇಳಿದ್ದು ಸುಳ್ಳಲ್ಲ ನೋಡಿ. ನಾನು ಅಲ್ಲಿ ಇಲ್ಲ, ಇದ್ದೇನೆ ಅಂತ ಪಟ್ಟಿಯಲ್ಲಿ ಉಂಟು. ಅದು ಬೇಡ. ದುಬೈಯವ ಅಂತಲೇ ಹೆಸರು ಬರಲಿ, ಪಾಸ್‌ಪೋರ್ಟ್ ತೋರಿಸಿ ಎದೆಕೊಟ್ಟು ಹಾಕ್ತೇನೆ.”

ಆ ಮಾತು ಆಗ ನನಗೆ ತಟ್ಟಲಿಲ್ಲ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಒಂದು ಮತದಿಂದ ಈ ಮನುಷ್ಯ ಏನು ಕಡಿದು ಕಟ್ಟೆ ಹಾಕುತ್ತಾನೆ ಎಂದೇ ನನ್ನ ಯೋಚನೆ. ನಾನು ಜನ್ಮದಲ್ಲಿ ಒಮ್ಮೆಯೂ ಮತ ಹಾಕಿದವನಲ್ಲ. ಮೈಸೂರಿನಲ್ಲಿದ್ದಾಗ ಮತದಾನವೆಂದರೆ ಒಂದು ರಜೆ, ಅಷ್ಟೇ.

ಆದರೂ ಅರ್ಜಿ ತುಂಬಿದೆ. ಕಾಗದ ತುಂಬುವುದು ನನಗೆ ಬಿಡಲಾಗದ ಚಟ. ಅವರು ಮೊದಲೇ ಒಂದು ಹಾಳೆಯಲ್ಲಿ ಎಲ್ಲವನ್ನೂ ಚಪ್ಪಟೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಬಂದಿದ್ದರು, ಅಪ್ಪನ ಹೆಸರು, ಮನೆ ನಂಬರು, ಅಂಚೆ, ತಾಲೂಕು. ಫೋಟೊ ಅಂಟಿಸುವಾಗ ಅಳತೆಪಟ್ಟಿ ಇಟ್ಟು ಅಂಚು ಸರಿಮಾಡಿದರು. ಸಹಿ ಹಾಕುವ ಮುಂಚೆ ಕೈ ತೊಳೆದು ಬಂದರು. ಹಳೆಯ ಕಾರ್ಡನ್ನು ವಾಪಸು ಕೊಟ್ಟು, ಹಳೆಯ ಪಟ್ಟಿಯಿಂದ ಹೆಸರು ತೆಗೆಸಬೇಕಿತ್ತು. ಅದಕ್ಕೆ ಬೇರೆ ಕಾಗದ. ಅದನ್ನು, ಆ ವಾರ ಊರಿಗೆ ಹೊರಟಿದ್ದ ಶೆಡ್ಡಿನ ಒಬ್ಬನ ಕೈಯಲ್ಲಿ ಹೆಂಡತಿಗೆ ಕಳಿಸುತ್ತೇನೆ ಎಂದರು. ಗಲ್ಫಿನಲ್ಲಿ ನಮ್ಮವರ ಅಂಚೆಯೇ ಅದು. ಊರಿಗೆ ಹೋಗುವವರ ಸೂಟ್‌ಕೇಸು.

“ಇದನ್ನೂ ಅವನ ಕೈಯಲ್ಲೇ ಕೊಡ್ತೇನೆ, ಆಗ್ತದಲ್ಲ?” ಎಂದು ಅರ್ಜಿಯನ್ನು ತೋರಿಸಿದರು.

ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡೆ. “ಏನ್ ಮೇಸ್ತ್ರಿ ನೀವು! ಸೂಟ್‌ಕೇಸಲ್ಲಿ ಹೋಗಿದ್ದು ಸೂಟ್‌ಕೇಸಲ್ಲೇ ಉಳಿಯುತ್ತೆ. ಇದು ಸರ್ಕಾರಿ ಕಾಗದ, ಕೊರಿಯರಲ್ಲಿ ಹೋಗ್ಬೇಕು, ರಸೀದಿ ಇರ್ಬೇಕು. ನಾನು ಕಳಿಸ್ತೀನಿ.”

“ಆವು. ನೀವು ಕಳಿಸಿದ್ರೆ ಮುಗೀತು,” ಎಂದು ಅವರು ಶೂ ಹಾಕಿಕೊಂಡು ಇಳಿದು ಹೋದರು.

ವೀಸಾ ಪುಟದ ಕಾಪಿ ಸ್ವಲ್ಪ ಮಸುಕಾಗಿತ್ತು. ನಾಳೆ ಇನ್ನೊಂದು ತೆಗೆದು ಸೇರಿಸೋಣ ಎಂದು ಎಲ್ಲವನ್ನೂ ಒಂದು ಪಾರದರ್ಶಕ ಫೈಲಿಗೆ ಹಾಕಿ ಎಡಗಡೆಯ ಡ್ರಾಯರಿನಲ್ಲಿಟ್ಟೆ. ಮರುದಿನ ತಿಂಗಳ ಕೊನೆಯ ಗಡಿಬಿಡಿ. ಆಮೇಲೆ ಶುಕ್ರವಾರದ ರಜೆ, ಆಮೇಲೆ ಇನ್ನೇನೋ... ದೊಡ್ಡ ಕಾರಣ ಹುಡುಕಿದರೆ ಒಂದೂ ಸಿಗುವುದಿಲ್ಲ. ಕೊರಿಯರಿನವನು ದಿನಾ ಸಂಜೆ ಬರುತ್ತಲೇ ಇದ್ದ. ಡ್ರಾಯರು ನನ್ನ ಮೊಣಕೈಗೆ ತಗಲುತ್ತಲೇ ಇತ್ತು.

ಎರಡು ವಾರವಾದ ಮೇಲೆ ಮೇಸ್ತ್ರಿ ಮೆಟ್ಟಿಲಲ್ಲಿ ಸಿಕ್ಕರು. “ಹೋಯ್ತಾ ಅದು?” ಎಂದು ಕೇಳಿದರು. ಮರೆತೆ, ಇವತ್ತು ಕಳಿಸುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು, ಅವರು ನಕ್ಕುಬಿಡುತ್ತಿದ್ದರು. ಅಷ್ಟು ಜಂಬ ಕೊಚ್ಚಿಕೊಂಡ ಬಾಯಿಗೆ ಆ ಮಾತು ಬರಲಿಲ್ಲ. “ಓ, ಆವತ್ತೇ ಹೋಯ್ತಲ್ಲ,” ಎಂದೆ. ಆ ಸಂಜೆಯೇ ಕಳಿಸಿ ಮಾತು ಉಳಿಸಿಕೊಳ್ಳೋಣ ಎಂದುಕೊಂಡೆ. ಅದೂ ಆಗಲಿಲ್ಲ. ಒಮ್ಮೆ ಹೋಯಿತು ಎಂದು ಹೇಳಿದ ಕಾಗದ ನನ್ನ ಮಟ್ಟಿಗೆ ಹೋಗಿಯೇಬಿಟ್ಟಿತ್ತು.

ಸೂಟ್‌ಕೇಸಿನಲ್ಲಿ ಹೋದ ಕಾಗದ ಮಾತ್ರ ನೆಟ್ಟಗೆ ಊರು ಮುಟ್ಟಿತು. ಅವರ ಹೆಂಡತಿ ಅದನ್ನೂ ಹಳೆಯ ಕಾರ್ಡನ್ನೂ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಅಂಗನವಾಡಿ ಟೀಚರಿಗೆ ಕೊಟ್ಟರು. ಹಳೆಯ ಪಟ್ಟಿಯಿಂದ ಮೇಸ್ತ್ರಿಯ ಹೆಸರು ಹೋಯಿತು.

ಕಂಪೆನಿಯಲ್ಲಿ ಎರಡು ವರ್ಷಕ್ಕೊಮ್ಮೆ ರಜೆ. ಫೆಬ್ರವರಿಯಲ್ಲಿ ಅವರ ಮೊದಲ ಮೊಮ್ಮಗಳ ನಾಮಕರಣವಿತ್ತು. ಅವರು ಅದಕ್ಕೇ ಹೊರಡುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೆವು. ಅವರು ರಜೆಯನ್ನು ಮುಂದಕ್ಕೆ ಹಾಕಿಸಿಕೊಂಡು ಚುನಾವಣೆಯ ದಿನ ಗೊತ್ತಾಗುವವರೆಗೆ ಕಾದರು. “ಹೆಸರಿಡ್ಲಿಕ್ಕೆ ನಾನೇ ಆಗಬೇಕು ಅಂತ ಉಂಟಾ? ಮಗು ಎಲ್ಲಿಗೂ ಓಡಿ ಹೋಗುದಿಲ್ಲ,” ಎಂದು ಶೆಡ್ಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದರು. ನಾನೂ ಅಲ್ಲಿದ್ದೆ, ನಕ್ಕಿದ್ದೆ ಕೂಡ. ಆಗಲೂ ಹೇಳಬಹುದಿತ್ತು. ನಾಮಕರಣಕ್ಕಾದರೂ ಹೋಗಿ ಬನ್ನಿ, ತಪ್ಪು ನನ್ನದು ಎನ್ನಬಹುದಿತ್ತು. ಹೇಗೋ ಹೆಸರು ಬಂದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಎಲ್ಲಿಂದ ಬರುತ್ತದೆ? ಬೀಜವನ್ನೇ ಬಿತ್ತದವನು ಪೈರು ಬಂದಿರಬಹುದು ಎಂದು ಕಾದ ಹಾಗೆ.

ಏಪ್ರಿಲ್ ಕೊನೆಗೆ ಹೋದವರು ಜೂನಿನಲ್ಲಿ ಬಂದರು. ಬಂದ ದಿನವೇ ಬಾಗಿಲಲ್ಲಿ ಶೂ ಬಿಚ್ಚಿ ಒಳಗೆ ಬಂದು, ಹಲಸಿನ ಹಪ್ಪಳದ ಕಟ್ಟೊಂದನ್ನು ನನ್ನ ಮೇಜಿನ ಮೇಲಿಟ್ಟರು. ಹೆಂಡತಿ ನನಗೆಂದೇ ಕಳಿಸಿದ್ದಂತೆ, ಅರ್ಜಿ ತುಂಬಿಕೊಟ್ಟ ಉಪಕಾರಕ್ಕೆ.

“ಹೆಸರೇ ಇರ್ಲಿಲ್ಲ ಮಾರಾಯ್ರೆ. ಹಳೇ ಪಟ್ಟಿಯಲ್ಲೂ ಇಲ್ಲ, ಹೊಸದರಲ್ಲೂ ಇಲ್ಲ.”

ಅವರು ಮುಂದುವರಿಸಿದರು. ಎರಡು ಗಂಟೆ ಬಿಸಿಲಿನಲ್ಲಿ ನಿಂತು, ಸರದಿ ಬಂದಾಗ ಪಾಸ್‌ಪೋರ್ಟ್ ತೆರೆದು ಹಿಡಿದರಂತೆ. ಇಲ್ಲವೆಂದಾಗ ಹಿಂದಿದ್ದವರು ನಕ್ಕರಂತೆ. ಹೊರಗೆ ಚೀಟಿ ಬರೆಯುತ್ತ ಕುಳಿತಿದ್ದ ಅಂಗನವಾಡಿ ಟೀಚರು, ನಿಮ್ಮ ಅರ್ಜಿ ಬಂದೇ ಇಲ್ಲ ಎಂದರಂತೆ. ಇವರಿಗೆ ಸಿಟ್ಟು ನೆತ್ತಿಗೇರಿತು.

“ದುಬೈಯಿಂದ ಕೊರಿಯರಲ್ಲಿ ಬಂದದ್ದನ್ನು ನೀನೇ ಎಲ್ಲಿಯೋ ಬಿಸಾಡಿದ್ದಿ ಅಂದೆ. ಬಾಯಿಗೆ ಬಂದ ಹಾಗೆ ಬೈದೆ. ಅವಳು ಎಲ್ಲರೆದುರು ಅತ್ತುಬಿಟ್ಳು. ಮನೆಗೆ ಹೋದ ಮೇಲೆ ನನಗೇ ಒಂಥರಾ ಆಯ್ತು... ನಿಮ್ಮ ಹತ್ರ ರಸೀದಿ ಉಂಟಲ್ಲ? ಅದರ ಕಾಪಿ ಒಂದು ಕೊಡಿ. ಅವಳ ಆಫೀಸಿಗೆ ಕಳಿಸ್ಬೇಕು.”

ಡ್ರಾಯರು ನನ್ನ ಮೊಣಕೈಯಡಿ ಇತ್ತು. “ಹುಡುಕ್ತೀನಿ ಮೇಸ್ತ್ರಿ,” ಎಂದೆ. “ಆವು,” ಎಂದರು ಅವರು.

ಆ ಹಪ್ಪಳವನ್ನು ನಾನು ಮನೆಗೆ ಒಯ್ದು, ಕರಿಸಿ, ತಿಂದೆ. ಅದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಎರಡು ಮೂರು ಸಲ ರಸೀದಿ ಕೇಳಿದರು. ಹುಡುಕುತ್ತಿದ್ದೇನೆ ಎಂದೆ. ಒಂದು ದಿನ ಗೇಟ್ ಪಾಸಿಗೆ ಕಾಗದ ಜೋಡಿಸಲು ಮೇಲೆ ಬಂದರು. ನಾನು ಹಡಗಿನ ಕಂಪೆನಿಯವರೊಂದಿಗೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ಸ್ಟೇಪ್ಲರ್ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದರು. “ಎಡಗಡೆ ಡ್ರಾಯರಲ್ಲಿದೆ, ತಗೊಳ್ಳಿ,” ಎಂದುಬಿಟ್ಟೆ. ಡ್ರಾಯರು ತೆರೆದ ಸದ್ದಾಯಿತು. ಮುಚ್ಚಿದ ಸದ್ದು ಬಹಳ ಹೊತ್ತು ಬರಲಿಲ್ಲ. ನೆನಪಾಗಿ ತಿರುಗುವಷ್ಟರಲ್ಲಿ ಅವರು ಕಾಗದ ಜೋಡಿಸಿ, ಸ್ಟೇಪ್ಲರನ್ನು ಮತ್ತೆ ಅಲ್ಲೇ ಇಟ್ಟು, ಅಂಗೈಯಿಂದ ಡ್ರಾಯರನ್ನು ಮೆಲ್ಲಗೆ ಒತ್ತಿ ಮುಚ್ಚುತ್ತಿದ್ದರು. ಗೇಟ್ ಪಾಸು ಹಿಡಿದು ಇಳಿದು ಹೋದರು. ಸಂಜೆ ತೆರೆದು ನೋಡಿದೆ. ಎಲ್ಲಕ್ಕಿಂತ ಮೇಲೆ ಆ ಫೈಲು, ಅದರಲ್ಲಿ ಅವರ ಫೋಟೊ. ಸ್ಟೇಪ್ಲರ್ ಫೈಲಿನ ಅಂಚಿಗೆ ಸರಿಯಾಗಿ, ಅಳತೆ ಹಿಡಿದ ಹಾಗೆ ಕೂತಿತ್ತು.

ಆಮೇಲೆ ಅವರು ರಸೀದಿ ಕೇಳಲಿಲ್ಲ. ಮಾತು ಬಿಡಲೂ ಇಲ್ಲ. ಮೊದಲಿನ ಹಾಗೆಯೇ ಶೂ ಬಿಚ್ಚಿ ಬರುತ್ತಿದ್ದರು, ಚಹಾ ಆಯ್ತಾ ಎಂದು ಕೇಳುತ್ತಿದ್ದರು. ಅವರು ಬೈದಿದ್ದರೆ, ಮ್ಯಾನೇಜರಿಗೆ ಹೇಳಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ. ಆ ಅವಕಾಶವನ್ನು ಅವರು ಕೊಡಲಿಲ್ಲ. ಆ ಟೀಚರ ಆಫೀಸಿಗೂ ಏನೂ ಬರೆಯಲಿಲ್ಲ.

ಎರಡು ವರ್ಷದ ಮೇಲೆ ಮತ್ತೆ ರಜೆಗೆ ಹೋಗಿ ಬಂದರು. ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಪೆಟ್ಟಿಗೆಯ ಅಳತೆ ಬರೆದುಕೊಳ್ಳಲು ಅವರ ಪಕ್ಕ ನಿಂತಿದ್ದೆ. ಅವರು ಹಲಗೆಯ ಮೇಲೆ ಗೆರೆ ಎಳೆಯುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

“ಈ ಸಲ ಆ ಟೀಚರ ಮನೆಗೆ ಹೋಗಿದ್ದೆ. ತಪ್ಪು ನಮ್ಮ ಕಡೆಯದ್ದೇ ಅಮ್ಮ, ಅರ್ಜಿ ದುಬೈಯಿಂದ ಹೊರಟೇ ಇರ್ಲಿಲ್ಲ, ಮನಸ್ಸಲ್ಲಿ ಇಟ್ಕೊಳ್ಬೇಡಿ ಅಂತ ಕೈ ಮುಗಿದು ಬಂದೆ.”

‘ನಮ್ಮ ಕಡೆಯದ್ದು’ ಅಂದರು. ನಿಮ್ಮದು ಅನ್ನಲಿಲ್ಲ. ಗೆರೆ ಮುಗಿದರೂ ಪೆನ್ಸಿಲ್ಲು ಎತ್ತದೆ ಸ್ವಲ್ಪ ಹೊತ್ತು ಹಾಗೆಯೇ ಬಾಗಿದ್ದರು. ನನಗಾಗಿ ಕಾಯುತ್ತಿದ್ದಾರೆಂದು ಗೊತ್ತಾಯಿತು. ಸುತ್ತ ಗರಗಸದ ಸದ್ದಿತ್ತು, ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ. ನನ್ನ ಬಾಯಿಂದ ಬಂದದ್ದು ಒಂದೇ ಮಾತು: “ಒಳ್ಳೇದಾಯ್ತು ಬಿಡಿ ಮೇಸ್ತ್ರಿ.” ಅವರು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ ಮುಂದಿನ ಹಲಗೆಗೆ ಹೋದರು. ಆ ದಿನ ‘ಆವು’ ಅನ್ನಲಿಲ್ಲ.

ಮರುವರ್ಷ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೋದರು. ಊರಿನವರಾಗಿಯೇ ಪಟ್ಟಿಯಲ್ಲಿ ಮತ್ತೆ ಹೆಸರು ಬರೆಸಿದರಂತೆ. ಮುಂದಿನ ವಿಧಾನಸಭೆ ಚುನಾವಣೆಗೆ ಎರಡು ತಿಂಗಳಿರುವಾಗ, ಸ್ನಾನಕ್ಕೆ ಹೋದವರು ಕುಸಿದು ಬಿದ್ದು ತೀರಿಕೊಂಡರು. ಹಳೆಯ ಕಂಪೆನಿಯವರ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಎಲ್ಲರೂ ಒತ್ತಿದ ಹಾಗೆ ನಾನೂ ಕೈ ಮುಗಿದ ಚಿತ್ರ ಒತ್ತಿದೆ. ಎಂದಾದರೂ ಕಾಪುವಿಗೆ ಹೋಗಿ ಹೇಳುತ್ತೇನೆ ಎಂದು ಇಟ್ಟುಕೊಂಡಿದ್ದ ಮಾತು ಅವತ್ತಿನಿಂದ ಯಾರಿಗೂ ಬೇಡದ್ದಾಯಿತು.

ನಾನು ಆ ಕಂಪೆನಿ ಬಿಟ್ಟಾಗ ಡ್ರಾಯರಿನಲ್ಲಿದ್ದದ್ದನ್ನೆಲ್ಲ ಒಂದು ರಟ್ಟಿನ ಡಬ್ಬಿಗೆ ಸುರಿದು ತಂದಿದ್ದೆ. ಮನೆಯಿಂದ ಮನೆಗೆ ಬಿಚ್ಚದೆಯೇ ಅದು ಬರುತ್ತಿತ್ತು. ಕಪಾಟು ಬಂದ ಆ ದಿನ ನನ್ನ ಮಗಳು, ಹತ್ತು ವರ್ಷದವಳು, ಅದನ್ನು ಬಿಚ್ಚಿಬಿಟ್ಟಳು. ಪಾರದರ್ಶಕ ಫೈಲನ್ನು ಎತ್ತಿ ಹಿಡಿದು, “ಹೂ ಈಸ್ ದಿಸ್ ಅಂಕಲ್, ಅಪ್ಪಾ?” ಎಂದಳು.

“ನನ್ನ ಜೊತೆ ಕೆಲಸದಲ್ಲಿದ್ರು. ಊರಲ್ಲಿ ವೋಟು ಹಾಕೋಕೆ ಅಂತ ಕೊಟ್ಟ ಅರ್ಜಿ ಅದು.”

“ಡಿಡ್ ಹಿ ವೋಟ್?”

“ಹ್ಞೂಂ, ಹಾಕಿದ್ರು.”

ಮೆಟ್ಟಿಲಲ್ಲಿ ಹೇಳಿ ಆರು ವರ್ಷವಾದ ಮೇಲೂ ಆ ಸುಳ್ಳು ನಾಲಿಗೆಯಿಂದ ಎಷ್ಟು ಸಲೀಸಾಗಿ ಹೊರಟಿತು! ಮಗಳು ಅರ್ಜಿಯನ್ನು ಫೈಲಿನಿಂದ ತೆಗೆದು ಬೆಳಕಿಗೆ ಹಿಡಿದಳು. ಮೇಸ್ತ್ರಿ ಒತ್ತಿ ಬರೆದ ನೀಲಿ ಶಾಯಿಯ ಸಹಿಯ ಮೇಲೆ ಬೆರಳಾಡಿಸಿದಳು. ಶಾಲೆಯ ಕಾಗದಗಳಲ್ಲಿ ಒರಿಜಿನಲ್ ಯಾವುದು, ಕಾಪಿ ಯಾವುದು ಎಂದು ಹೀಗೆ ಬೆರಳಿಟ್ಟು ನೋಡಲು ಅವಳಿಗೆ ಕಲಿಸಿದವನು ನಾನೇ.

“ಬಟ್ ದಿಸ್ ಈಸ್ ದಿ ಒರಿಜಿನಲ್, ಅಪ್ಪಾ,” ಎಂದಳು.

ಬಿಚ್ಚಿದ ಹಲಗೆಗಳು ಇನ್ನೂ ಹಾಲಿನಲ್ಲೇ ಬಿದ್ದಿದ್ದವು. ಅವಳ ಕೈಯಿಂದ ಹಾಳೆಯನ್ನು ತೆಗೆದುಕೊಂಡೆ.

“ಹೌದು ಪುಟ್ಟಿ, ಒರಿಜಿನಲ್ಲೇ,” ಎಂದೆ. “ಅವರು ವೋಟು ಹಾಕ್ಲಿಲ್ಲ. ನಾನು ಇದನ್ನ ಕಳಿಸ್ಲೇ ಇಲ್ಲ.”