ಬಾರದ ರೀಲಿಗೆ ಅತ್ತವರು

ಸಿನಿಮಾ ನೋಡಿ ಅಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ದೆವ್ವ ಕಂಡೆ ಎನ್ನುವವರನ್ನು ಕಂಡರೂ ಅಷ್ಟೇ. ಇಬ್ಬರೂ ಇಲ್ಲದ್ದನ್ನು ಇದೆಯೆಂದು ನಂಬಿ ಮೈಮರೆಯುವ, ಬಿಡುವು ಜಾಸ್ತಿಯಾದ ಜನ ಎಂದುಕೊಂಡಿದ್ದೆ. ಹೊಸದುರ್ಗದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವನಿಗೆ ಅಭಿಪ್ರಾಯಗಳಿಗೇನು ಬರ? ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಕ್ಕು ಎದ್ದುಹೋಗುತ್ತಿದ್ದೆ. ನೀವು ಹಾಗೆ ಎದ್ದುಹೋದರೂ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಚಿತ್ರದುರ್ಗದಿಂದ ಹೊರಡುತ್ತಿದ್ದ ಒಂದು ವಾರಪತ್ರಿಕೆಗೆ ನಾನು ಸಿನಿಮಾದ ಬಗ್ಗೆ ಬರೆಯುತ್ತಿದ್ದೆ. ಸಿನಿಮಾದ ಬಗ್ಗೆ ಅನ್ನುವುದಕ್ಕಿಂತ ಅದನ್ನು ನೋಡಿದವರ ಬಗ್ಗೆ ಅನ್ನಬೇಕು. ಆಟ ಬಿಟ್ಟಾಗ ಬಾಗಿಲಲ್ಲಿ ನಿಂತು, ಹೊರಬಂದವರನ್ನು ಹೇಗಿತ್ತು ಎಂದು ಕೇಳಿ, ಹೇಳಿದ್ದನ್ನು ಅವರದೇ ಮಾತಿನಲ್ಲಿ ಅಚ್ಚು ಹಾಕಿಸುವುದು ನನ್ನ ಕೆಲಸ. ತಮ್ಮ ಹೆಸರು ಪೇಪರಿನಲ್ಲಿ ಬಂತೆಂದು ಜನ ಹಿಗ್ಗುತ್ತಿದ್ದರು. ನಾನು ಗೇಲಿ ಮಾಡುತ್ತಿದ್ದೇನೆ ಎಂಬುದು ಅವರಿಗೆ ಹೊಳೆಯುತ್ತಲೇ ಇರಲಿಲ್ಲ.

ಆ ವರ್ಷ ಒಂದು ಸಿನಿಮಾ ಬಂತು. ಹದಿನೇಳರ ಹುಡುಗ, ಹದಿನಾರರ ಹುಡುಗಿ. ಅವನು ಕೊಳಲು ಊದುತ್ತಾನೆ, ಅವಳು ಹಾಡುತ್ತಾಳೆ. ಮೂರನೇ ಹಾಡಿಗೆ ಅವನಿಗೆ ಕೆಮ್ಮು ಶುರು. ಕೆಮ್ಮು ಶುರುವಾದ ಮೇಲೆ ಮುಂದಿನದನ್ನು ತಿಳಿಯಲು ಪಂಚಾಂಗ ನೋಡಬೇಕಿಲ್ಲ. ಇಷ್ಟಕ್ಕೆ ದುರ್ಗದ ಹೆಂಗಸರು ಒಬ್ಬೊಬ್ಬರು ಮೂರು ಸಲ ಹೋಗಿ ಅತ್ತರು. ಧರ್ಮಪುರದ ಕಡೆಯವರು ಬಸ್ಸಿನ ಟಾಪಿನ ಮೇಲೆ ಕೂತು ಹಿರಿಯೂರಿಗೆ ಬಂದು ಅತ್ತರು. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಕಣ್ಣು ಒರೆಸಿಕೊಳ್ಳುತ್ತ, "ಚೆನ್ನಾಗಿ ಅತ್ವಿ ಮೇಷ್ಟ್ರೇ, ದುಡ್ಡಿಗೆ ಮೋಸ ಇಲ್ಲ" ಎಂದು ನನಗೆ ಹೇಳಿದರು. ಅದನ್ನು ಹಾಗೆಯೇ ಅಚ್ಚು ಹಾಕಿಸಿದೆ. ಅವರು ಆ ಹಾಳೆಯನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದರು.

ಸಿನಿಮಾ ಕೊನೆಗೆ ಹೊಸದುರ್ಗದ ಟೆಂಟಿಗೂ ಬಂತು. ಮೊದಲ ದಿನದ ಸಂಜೆಯ ಆಟಕ್ಕೆ ನಮ್ಮಕ್ಕನೂ ಹೊರಟಳು. ಅಕ್ಕನ ವಿಷಯ ಇಲ್ಲಿ ಹೇಳಲೇಬೇಕು. ಭಾವ ತೀರಿಕೊಂಡ ಮೇಲೆ ಅವಳು ಮಗ ಮಂಜನನ್ನು ಕರೆದುಕೊಂಡು ನನ್ನ ಮನೆಗೆ ಬಂದಿದ್ದಳು. ಮಂಜನಿಗೆ ಹದಿನಾರಾಗಿದ್ದಾಗ ಟೈಫಾಯ್ಡ್ ಬಂತು. ನಮ್ಮೂರಲ್ಲಿ ಸಿಗದ ಔಷಧಿ ತರಲು ಅಕ್ಕ ತಾನೇ ದುರ್ಗಕ್ಕೆ ಹೋದಳು. ಅವಳ ಬಸ್ಸು ಬರುವಷ್ಟರಲ್ಲಿ ಹುಡುಗ ಹೋಗಿಬಿಟ್ಟಿದ್ದ. ಆ ಹೊತ್ತಿನಲ್ಲಿ ಮನೆಯಲ್ಲಿದ್ದವನು ನಾನೊಬ್ಬನೇ. ನಿದ್ದೆಯಲ್ಲೇ ಹೋದ ಎಂದು ಎಲ್ಲರಿಗೂ ಹೇಳಿದೆ. ಅಕ್ಕ ಅಳಲಿಲ್ಲ. ಮೂರು ವರ್ಷ ಅವಳ ಕಣ್ಣಿನಿಂದ ಒಂದು ಹನಿ ಬರಲಿಲ್ಲ. ಒಂದೇ ಹೊತ್ತು ಊಟ ಮಾಡುತ್ತ ಒಣಗಿಹೋಗುತ್ತಿದ್ದಳು. ತಿಂಗಳಿಗೊಮ್ಮೆಯಾದರೂ, "ಏನೂ ಕೇಳ್ಲಿಲ್ವೇನೋ ಅವನು?" ಎಂದು ಕೇಳುತ್ತಿದ್ದಳು. ಏನೂ ಕೇಳಲಿಲ್ಲ ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ.

ಪಕ್ಕದ ಮನೆಯ ಗಂಗಮ್ಮ ಬಂದು, "ಬರ್ರಿ ಅಕ್ಕಾರೆ, ಹೋಗಾಣ. ನಾಕು ಹನಿ ಅತ್ರೆ ಎದೆ ಹಗುರಾಗತೈತೆ" ಎಂದು ಅವಳನ್ನು ಹೊರಡಿಸಿದಳು. ಇದೊಂದು ಚಿಕಿತ್ಸೆ! ವೈದ್ಯರು ಕೈಬಿಟ್ಟದ್ದನ್ನು ಕೊಳಲಿನ ಹುಡುಗ ವಾಸಿ ಮಾಡುತ್ತಾನಂತೆ. ನನಗೆ ಮೈಯೆಲ್ಲ ಉರಿಯಿತು. ಆದರೂ ತಡೆಯಲಿಲ್ಲ. ಅಕ್ಕ ಮನೆಯ ಹೊಸಿಲು ದಾಟಿ ಎಷ್ಟೋ ದಿನವಾಗಿತ್ತು.

ಟೆಂಟಿನಲ್ಲಿ ಗಂಡಸರಿಗೂ ಹೆಂಗಸರಿಗೂ ನಡುವೆ ಮೊಳದೆತ್ತರದ ಮಣ್ಣಿನ ಗೋಡೆ. ಅಕ್ಕ ಆ ಕಡೆ ಮರಳಿನ ಮೇಲೆ ಕೂತಳು, ನಾನು ಈ ಕಡೆ ಬೆಂಚಿನ ಮೇಲೆ. ಆಟ ಶುರುವಾಗುವ ಮುಂಚೆ ಆಪರೇಟರ್ ಖಾದರ್ ಸಾಬಿ ನನ್ನ ಹತ್ತಿರ ಬಂದು ಬಗ್ಗಿ ಪಿಸುಗುಟ್ಟಿದ. "ಮೇಷ್ಟ್ರೇ, ಪೇಪರ್‌ನಾಗೆ ಬರೀಬ್ಯಾಡ್ರಿ. ಏಳನೇ ರೀಲು ಬಂದಿಲ್ಲ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಾಗೆ ಎಣ್ಣೆ ಡಬ್ಬದ ಜತಿಗೆ ಸೇರ್ಕಂಡು ಹಿರಿಯೂರು ಬಸ್ ಹತ್ತೈತೆ. ಆರು ಮುಗಿದ್ಮ್ಯಾಲೆ ಎಂಟು ಹಾಕ್ತೀನಿ." ಏಳನೆಯದರಲ್ಲಿ ಏನಿದೆ ಎಂದು ಕೇಳಿದೆ. "ಹುಡುಗ ಸಾಯೋದು" ಎಂದ.

ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ಹುಡುಗ ಸಾಯುವುದನ್ನು ನೋಡಲೆಂದೇ ಬಂದವರಿಗೆ ಹುಡುಗ ಸಾಯುವುದೇ ಇಲ್ಲ! ಹೊರಗೆ ಬಂದಾಗ ಸಾವಿನ ದೃಶ್ಯ ಹೇಗಿತ್ತು ಎಂದು ಒಬ್ಬೊಬ್ಬರನ್ನೇ ಕೇಳಬೇಕು, ಪೆದ್ದುಪೆದ್ದಾಗಿ ಏನು ಹೇಳುತ್ತಾರೋ ಬರೆದುಕೊಳ್ಳಬೇಕು. ಅಂಥ ಅಂಕಣ ಮತ್ತೆ ಸಿಗುತ್ತದೆಯೇ?

ಟೆಂಟಿನಲ್ಲಿ ಒಂದೇ ಮಷೀನು. ಪ್ರತಿ ರೀಲು ಮುಗಿದಾಗಲೂ ದೀಪ ಹತ್ತುತ್ತಿತ್ತು. ದೀಪ ಹತ್ತಿತೆಂದರೆ ಶಿಳ್ಳೆ, ಕೇಕೆ, "ಲೇ ಖಾದರ್, ಮಲಗಿಬಿಟ್ಯೇನಲೇ" ಎಂಬ ಬೈಗುಳ, ಕಡ್ಲೆಕಾಯಿ ಮಾರುವವರ ಕೂಗು. ಆರನೇ ರೀಲು ಹುಡುಗನನ್ನು ಆಸ್ಪತ್ರೆಗೆ ಒಯ್ಯುವಲ್ಲಿಗೆ ಮುಗಿಯಿತು. ದೀಪ ಹತ್ತಿತು. ನಾನು ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಕೇಳಬೇಕಾದ ಪ್ರಶ್ನೆಗಳನ್ನು ಬಹಳ ಆನಂದದಿಂದ ಬರೆಯತೊಡಗಿದೆ. ಐದು ನಿಮಿಷವಾಗಿರಬೇಕು. ಶಿಳ್ಳೆ, ಕೇಕೆ, ಬೈಗುಳ ಯಾವುದೂ ಇಲ್ಲ ಎಂಬುದು ಆಮೇಲೆ ಗಮನಕ್ಕೆ ಬಂತು.

ತಲೆಯೆತ್ತಿದೆ. ದೀಪ ಉರಿಯುತ್ತಲೇ ಇತ್ತು. ಮುಂದೆ ಬರೀ ಬಿಳಿ ಬಟ್ಟೆ. ಟೆಂಟಿನ ಅಷ್ಟೂ ಜನ ಅದನ್ನೇ ನೋಡುತ್ತಿದ್ದರು. ಗೋಡೆಯ ಆ ಕಡೆ ಹೆಂಗಸರು ಬಿಕ್ಕುತ್ತಿದ್ದರು. ನನ್ನ ಪಕ್ಕದ ಕುರಿಗಾಹಿಯೊಬ್ಬ ಕಂಬಳಿಯ ಅಂಚಿನಿಂದ ಮೂಗು ಒರೆಸಿಕೊಂಡ. 'ಪರದೆ ಖಾಲಿ ಇದ್ದರೂ ಅಳುತ್ತಾರೆ' ಎಂದು ಬರೆದು ಕೆಳಗೆ ಗೆರೆ ಎಳೆದೆ. ಆಮೇಲೆ ದೀಪ ಆರಿ ಎಂಟನೇ ರೀಲು ಶುರುವಾಯಿತು. ಹುಡುಗಿ ಒಬ್ಬಳೇ ಬಂಡೆಯ ಮೇಲೆ ಕೂತು ಹಾಡಿದಳು. ಮುಗಿಯಿತು.

ಬಾಗಿಲಲ್ಲಿ ಮೊದಲು ಸಿಕ್ಕವನು ಆ ಕುರಿಗಾಹಿಯೇ. ಹುಡುಗ ಆಸ್ಪತ್ರೆಯಲ್ಲಿ ಹೇಗೆ ಸತ್ತ ಎಂದು ಕೇಳಿದೆ.

"ಆಸ್ಪತ್ರೆ ಎಲ್ಲೈತೆ ಮೇಷ್ಟ್ರೇ? ಮನ್ಯಾಗೆ ಅಲ್ಲೇನ್ರಿ ಸತ್ತಿದ್ದು. ಪಡಸಾಲೆಯಾಗೆ, ಹಗ್ಗದ ಮಂಚದ ಮ್ಯಾಲೆ. ದಿಂಬಿನ ಕೆಳಗೆ ಬಾಯಾಗೆ ಊದೋ ಪೀಪಿ ಇಟ್ಕಂಡಿದ್ದ ಪಾಪ."

ಪೀಪಿಯಲ್ಲ, ಕೊಳಲು ಎಂದೆ. ಅವನು ತಲೆಯಾಡಿಸಿ, ಬೆರಳಲ್ಲಿ ಅಳತೆ ತೋರಿಸಿ, ತುಟಿಯ ಮೇಲೆ ಅಡ್ಡ ಎಳೆದು ತೋರಿಸಿದ. ಮೌತ್ ಆರ್ಗನ್. ಮಂಜನಿಗೆ ಅದನ್ನು ದುರ್ಗದಿಂದ ತಂದುಕೊಟ್ಟವನು ನಾನೇ. ಸಾಯುವಾಗ ಅದು ಅವನ ದಿಂಬಿನ ಕೆಳಗೇ ಇತ್ತು.

ನೋಟ್‌ಬುಕ್ ಮುಚ್ಚಿ ಜೇಬಿಗಿಟ್ಟೆ. ಆದರೂ ಹೂವು ಮಾರುವ ಒಬ್ಬ ಹೆಂಗಸನ್ನು ನಿಲ್ಲಿಸಿ ಕೇಳಿದೆ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಅಮ್ಮ ಬಂದ್ಲಾ ಅಂತ ಆ ಕೂಸು ಕೇಳಿದ್ರೆ, ಬಾಗಿಲಾಗೆ ಅದಾಳೆ ಅಂತ ಸುಳ್ಳು ಹೇಳ್ತಾನಲ್ರಿ ಅವರ ಮಾವ! ಅದು ಬಾಗಿಲ ಕಡೆ ನೋಡ್ತಾನೇ ಜೀವ ಬಿಡ್ತು. ಈ ಪುಣ್ಯಾತ್ಮ ಅಳಬ್ಯಾಡ್ವಾ? ಕೈ ಗಡಿಯಾರ ನೋಡ್ಕಂತಾನೆ! ಥೂ, ಅವನೂ ಒಬ್ಬ ಮನುಷ್ಯನೇನ್ರಿ?"

ಆ ಸಿನಿಮಾದಲ್ಲಿ ಮಾವನ ಪಾತ್ರವೇ ಇಲ್ಲ. ಮಂಜ ಕೇಳಿದ್ದು ಅದೇ ಮಾತು, ನಾನು ಹೇಳಿದ್ದು ಅದೇ ಸುಳ್ಳು. ಉಸಿರು ನಿಂತಾಗ ಗಡಿಯಾರ ನೋಡಿದ್ದೂ ನಿಜ. ಹೊತ್ತು ಎಷ್ಟೆಂದು ಯಾರಾದರೂ ಕೇಳುತ್ತಾರೆ ಅನ್ನಿಸಿತ್ತು. ಇದನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಇನ್ನೂ ನಾಲ್ಕೈದು ಜನರನ್ನು ಕೇಳಿದೆ. ಎಲ್ಲರೂ ಅದನ್ನೇ ಹೇಳಿದರು, ಮತ್ತು ಎಲ್ಲರೂ ಆ ಮಾವನಿಗೆ ಛೀ ಎಂದರು.

ಅಷ್ಟರಲ್ಲಿ ಅಕ್ಕ ಗಂಗಮ್ಮನ ಜೊತೆ ಹೊರಬಂದಳು. ಅವಳ ಸೆರಗು ಒದ್ದೆಯಾಗಿತ್ತು, ಕಣ್ಣು ಊದಿತ್ತು.  ಏನು ಕೇಳುತ್ತಾಳೋ ಎಂದು ನಾನು ದಾರಿಯುದ್ದಕ್ಕೂ ಕಳ್ಳನಂತೆ ನಾಲ್ಕು ಹೆಜ್ಜೆ ಹಿಂದೆ ನಡೆದೆ.

ಬುದ್ಧಿವಂತನಲ್ಲವೇ, ಮರುದಿನ ತನಿಖೆ ಶುರುಮಾಡಿದೆ. ಟೆಂಟಿನ ಮುಂದೆ ಮಾರುವ ಹಾಡಿನ ಪುಸ್ತಕ ಕೊಂಡು ಓದಿದೆ. ಕಥೆ ಆಸ್ಪತ್ರೆಯ ಬಾಗಿಲಲ್ಲೇ ನಿಂತು, ಉಳಿದದ್ದನ್ನು ತೆರೆಯ ಮೇಲೆ ನೋಡಿ ಎಂದಿತ್ತು. ಖಾದರ್ ಸಾಬಿಯನ್ನು ಕೇಳಿದರೆ, "ಎಂಟನೇ ರೀಲು ತುಂಡಾಗಿತ್ತು, ಅಂಟಿಸ್ತಾ ಕುಂತಿದ್ದೆ. ಮಷೀನು ಖಾಲಿ ಇತ್ತು ಮೇಷ್ಟ್ರೇ. ಜನ ಯಾಕೆ ಬೈಲಿಲ್ಲ ಅಂತ ನನಗೂ ಸೋಜಿಗ ಆತು" ಎಂದ. ಸಂಜೆಯ ಹೊತ್ತಿಗೆ ಹಿರಿಯೂರಿನಿಂದ ಏಳನೇ ರೀಲು ಬಂತು. ಕೂತು ನೋಡಿದೆ. ಆಸ್ಪತ್ರೆ, ಡಾಕ್ಟರು, ನೇತುಹಾಕಿದ ಬಾಟಲಿ, ಪಕ್ಕದಲ್ಲಿ ಹುಡುಗಿ, ಒಂದು ಹಾಡು. ಹಗ್ಗದ ಮಂಚವಿಲ್ಲ, ಪಡಸಾಲೆಯಿಲ್ಲ. ಜನ ಅದಕ್ಕೂ ಅತ್ತರು.

ಮೂರನೇ ದಿನ ರಾತ್ರಿ ಊಟಕ್ಕೆ ಕೂತಾಗ ಅಕ್ಕ ತನಗೂ ಒಂದು ತಟ್ಟೆ ಹಾಕಿಕೊಂಡು ನನ್ನೆದುರು ಕೂತಳು. ಮುದ್ದೆ ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದಳು: "ಬಾಗಿಲಾಗೇ ಅದಾಳೆ ಅಂತ ಹೇಳಿದ್ಯಲ್ಲ, ಒಳ್ಳೇದು ಮಾಡ್ದೆ ಕಣೋ. ಕೂಸು ಕಾಯ್ತಾ ಹೋಗ್ಲಿಲ್ಲ."

ಯಾರು ಹೇಳಿದರು ಎಂದು ನಾನು ಕೇಳಲಿಲ್ಲ. ಅವಳೂ ಆ ಮಾತನ್ನು ಮತ್ತೆ ಎತ್ತಲಿಲ್ಲ. ಪತ್ರಿಕೆಗೆ ಬರೆಯುವುದನ್ನು ಬಿಟ್ಟೆ.

ಇಷ್ಟು ವರ್ಷಗಳಲ್ಲಿ ಓದಿದವರನ್ನು ಕೇಳಿದ್ದೇನೆ. ಗುಂಪಿನ ಮನಸ್ಸು, ಭ್ರಮೆ ಎಂದೆಲ್ಲ ದೊಡ್ಡ ಮಾತು ಹೇಳುತ್ತಾರೆ. ನನ್ನ ತಲೆಯೊಳಗೆ ಮಾತ್ರ ಇದ್ದದ್ದು ಆ ಗುಂಪಿಗೆ ಹೇಗೆ ಹೋಯಿತು ಎಂದರೆ ಬಾಯಿ ಮುಚ್ಚುತ್ತಾರೆ. ಅವರ ವಿವರಣೆಗಳ ಬಗ್ಗೆ ನನಗೆ ಈಗಲೂ ತಾತ್ಸಾರವೇ. ನನ್ನದೂ ಒಂದು ವಿವರಣೆ ಇಲ್ಲ. ಒಂದು ಮಾತ್ರ ಚುಚ್ಚುತ್ತದೆ. ಕುರಿ ಕಾಯುವವರು, ಹೂವು ಮಾರುವವರು, ಅವನನ್ನು ಎಂದೂ ಕಾಣದವರು, ಅಷ್ಟೂ ಜನ ಆ ಐದು ನಿಮಿಷ ಮಂಜನನ್ನು ನೋಡಿದರು. ನಾನು ತಲೆ ತಗ್ಗಿಸಿ ಅವರನ್ನು ಗೇಲಿ ಮಾಡಲು ಪ್ರಶ್ನೆ ಬರೆಯುತ್ತಿದ್ದೆ. ನಾನೂ ಅವನನ್ನು ಇನ್ನೊಂದು ಸಲ ನೋಡಬಹುದಿತ್ತು.