ನಾಲಿಗೆ ಸಪ್ಪಳದ ಹಿಂದೆ ನಡೆದವನು

ಟಕ್, ಟಕ್, ಟಕ್. ಅಂಗುಳಿಗೆ ನಾಲಿಗೆ ಹಚ್ಚಿ ಬಿಟ್ಟಾಗ ಬರುವ ಸಪ್ಪಳ. ಕುರಿ ಕಾಯುವವರು ಹಿಂಡನ್ನು ತಿರುಗಿಸಲು ಮಾಡುತ್ತಾರಲ್ಲ, ಅದೇ. ಇಂಡಿ ತಾಲ್ಲೂಕು ಆಸ್ಪತ್ರೆಯ ಕಾರಿಡಾರಿನಿಂದ ಅದು ನನ್ನ ಕೋಣೆಯ ಕಡೆಗೇ ಬರುತ್ತಿತ್ತು. ನಾನು ನಿವೃತ್ತಳಾಗಲು ಇನ್ನು ಮೂರು ವರ್ಷ ಬಾಕಿ ಇತ್ತು. ಇಡೀ ತಾಲ್ಲೂಕಿಗೆ ಕಣ್ಣಿನ ಡಾಕ್ಟರು ನಾನೊಬ್ಬಳೇ. ಇದರ ಜೊತೆಗೆ ವಾರಕ್ಕೊಮ್ಮೆ ಸಿಂದಗಿ, ತಿಂಗಳಿಗೊಮ್ಮೆ ಮುದ್ದೇಬಿಹಾಳದಲ್ಲಿ ಕ್ಯಾಂಪು. ಅವತ್ತು ಕರೆಂಟು ಹೋಗಿತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಕಿಟಕಿಯಿಲ್ಲದ ಆ ಕಾರಿಡಾರಿನಲ್ಲಿ ಮಬ್ಬುಗತ್ತಲೆ.

ಬೆಳಗಾವಿಯ ಕಾನ್ವೆಂಟಿನಲ್ಲಿ ಬೆಳೆದವಳು ನಾನು. ಕಾರಿಡಾರಿನಲ್ಲಿ ಸದ್ದು ಮಾಡಿದರೆ ಸಿಸ್ಟರ್‌ಗಳು ಮೊಣಕಾಲ ಮೇಲೆ ನಿಲ್ಲಿಸುತ್ತಿದ್ದರು. ಬಾಗಿಲಿಗೆ ಬಂದು ಗದರಿದೆ. "ಯಾರದು? ಇದೇನು ಕುರಿದೊಡ್ಡಿ ಅಂದ್ಕೊಂಡಿದ್ದೀಯಾ? ಸೈಲೆನ್ಸ್!"

ಸಪ್ಪಳ ನಿಂತಿತು. ಮರುಕ್ಷಣ ದಡ್ಡೆಂದು ಸದ್ದು. ಸಪ್ಪಳ ಮಾಡುತ್ತ ಬಂದ ಹುಡುಗಿಯೊಬ್ಬಳ ಹಿಂದಿದ್ದ ಎತ್ತರದ ಆಳು ಗೋಡೆಗೆ ಹಾಕಿದ್ದ ಬೆಂಚಿಗೆ ಎಡವಿ ಅದರ ಮೇಲೆ ಬಿದ್ದಿದ್ದ.

ಅವನು ಮಾಳಪ್ಪ, ಅಗರಖೇಡದ ಕಡೆಯ ಕುರುಬ. ವಯಸ್ಸು ಇಪ್ಪತ್ತೇಳು. ಜೊತೆಗೆ ಬಂದವರು ಅವನ ಅಕ್ಕ ಶಾಂತವ್ವ ಮತ್ತು ಅವಳ ಮಗಳು ರೇಣುಕಾ. ರೇಣುಕಾಳಿಗೆ ಹತ್ತೊಂಬತ್ತು. ಅವಳು ತೊಟ್ಟಿಲಲ್ಲಿದ್ದಾಗಲೇ ಮಾಳಪ್ಪನಿಗೆ ಅಂತ ಗೊತ್ತು ಮಾಡಿದ್ದರು. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ಆ ಮನೆಯಲ್ಲಿ ಮೂರು ತಲೆಮಾರಿನ ರೂಢಿ. ಯುಗಾದಿ ದಾಟಿದ ಮೇಲೆ ಲಗ್ನ.

"ಲಗ್ನ ಆಗೂದ್ರೊಳಗ ಇವನ ಇರುಳುಗಣ್ಣು ನೆಟ್ಟಗ ಮಾಡಿಕೊಡ್ರಿ ಬಾಯಾರ," ಎಂದಳು ಶಾಂತವ್ವ. "ಹೊತ್ತು ಮುಳುಗಿತಂದ್ರ ಕಂಬ ಯಾವುದು, ಮನಷ್ಯಾ ಯಾವುದು ಗೊತ್ತಾಗೂದಿಲ್ಲ. ಕಲೀಜ ತಿನಿಸಿ ತಿನಿಸಿ ಸಾಕಾಗೇತಿ."

"ಇನ್ನೂ ಕಲೀಜ ತಿಂದ್ರ ನಾನ ಬ್ಯಾ ಅಂತೇನ್ರಿ," ಎಂದ ಮಾಳಪ್ಪ ಮೊಣಕಾಲು ತಿಕ್ಕುತ್ತ. ರೇಣುಕಾ ಸೆರಗು ಬಾಯಿಗೆ ಹಿಡಿದು ನಕ್ಕಳು.

ಕಲೀಜ, ಅಂದರೆ ಕುರಿಯ ಪಿತ್ತಜನಕಾಂಗ, ಮೂಢನಂಬಿಕೆ ಅಲ್ಲ. ಅದರಲ್ಲಿ ವಿಟಮಿನ್ ಎ ತುಂಬಿರುತ್ತದೆ. ನಮ್ಮ ರೆಟಿನಾದಲ್ಲಿ, ಎಂದರೆ ಕಣ್ಣಿನ ಹಿಂಬದಿಯ ಪರದೆಯಲ್ಲಿ, ರಾಡ್ ಎಂಬ ಜೀವಕೋಶಗಳಿವೆ. ಮಂದ ಬೆಳಕಿನಲ್ಲಿ ನೋಡುವ ಕೆಲಸ ಅವುಗಳದು, ಅದಕ್ಕೆ ಅವುಗಳಿಗೆ ಈ ವಿಟಮಿನ್ ಬೇಕೇ ಬೇಕು. ಅದು ಕಡಿಮೆಯಾದ ಮಕ್ಕಳಿಗೆ ಸಂಜೆ ಕಾಣುವುದಿಲ್ಲ, ಕಣ್ಣು ಒಣಗುತ್ತದೆ, ಬಿಳಿಗುಡ್ಡೆಯ ಮೇಲೆ ನೊರೆಯಂಥ ಕಲೆ ಮೂಡುತ್ತದೆ. ಸಕಾಲಕ್ಕೆ ವಿಟಮಿನ್ ಎ ಕೊಟ್ಟರೆ ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ನನ್ನ ಸರ್ವಿಸಿನಲ್ಲಿ ಅದಕ್ಕಿಂತ ಸಂತೋಷದ ಚಿಕಿತ್ಸೆ ಇನ್ನೊಂದಿರಲಿಲ್ಲ. ಇರುಳುಗಣ್ಣಿಗೆ ಬೇರೆ ಕಾರಣಗಳೂ ಇವೆ. ಪೊರೆ ಬಂದಿದ್ದರೆ ಆಪರೇಷನ್ ಸಾಕು. ದೂರದ ದೃಷ್ಟಿ ತೀರಾ ಮಂದವಾಗಿದ್ದರೆ ಕನ್ನಡಕ. ಗ್ಲಾಕೋಮಾಕ್ಕೆ ಹಾಕುವ ಕೆಲವು ಹನಿಗಳು ಪಾಪೆಯನ್ನು ಕುಗ್ಗಿಸಿ ಕತ್ತಲೆ ಮಾಡುತ್ತವೆ, ಆಗ ಔಷಧ ಬದಲಿಸಬೇಕು. ಲಿವರ್ ಅಥವಾ ಕರುಳು ಕೆಟ್ಟು ತಿಂದ ವಿಟಮಿನ್ ಮೈಗೆ ಹತ್ತದೆ ಇರುವುದೂ ಉಂಟು.

ಇವುಗಳಲ್ಲಿ ಯಾವುದಾದರೂ ಒಂದಾಗಿರಲಿ ಎಂದುಕೊಳ್ಳುತ್ತಲೇ ಹನಿ ಹಾಕಿ, ಪಾಪೆ ಅಗಲಿಸಿ, ಅವನ ಕಣ್ಣೊಳಗೆ ನೋಡಿದೆ. ರೆಟಿನಾದ ಅಂಚಿನ ಸುತ್ತ ಎಲುಬಿನ ಚೂರುಗಳಂತೆ ಕಪ್ಪು ಗುರುತುಗಳು. ರಕ್ತನಾಳಗಳು ದಾರದಷ್ಟು ತೆಳ್ಳಗಾಗಿದ್ದವು. ರೆಟಿನೈಟಿಸ್ ಪಿಗ್ಮೆಂಟೋಸಾ. ರಾಡ್‌ಗಳು ಒಂದೊಂದಾಗಿ ಸಾಯುವ ರೋಗ. ಮೊದಲು ಇರುಳು ಹೋಗುತ್ತದೆ, ಆಮೇಲೆ ಪಕ್ಕದ ನೋಟ. ಕೊಳವೆಯೊಳಗಿಂದ ನೋಡಿದಂತೆ ನಡುವಿನದು ಮಾತ್ರ ಬಹುಕಾಲ ಉಳಿದಿರುತ್ತದೆ. ಕೆಲವರಲ್ಲಿ ಇದರ ಜೊತೆ ಕಿವಿಯೂ ಮಂದವಾಗುತ್ತದೆ. ಮಾಳಪ್ಪನ ಕಿವಿ ಚುರುಕಾಗಿತ್ತು. ಖಚಿತ ಮಾಡಿಕೊಳ್ಳಲು ಹುಬ್ಬಳ್ಳಿಗೆ ಇ.ಆರ್.ಜಿ. ಮಾಡಿಸಲು ಕಳಿಸಿದೆ. ಅದು ಬೆಳಕಿಗೆ ರೆಟಿನಾ ಕೊಡುವ ವಿದ್ಯುತ್ತಿನ ಉತ್ತರವನ್ನು ಅಳೆಯುವ ಪರೀಕ್ಷೆ. ರಿಪೋರ್ಟಿನಲ್ಲಿ ರಾಡ್‌ಗಳ ಉತ್ತರ ಇರಲೇ ಇಲ್ಲ.

ರಿಪೋರ್ಟು ತಂದ ದಿನ ಮೂವರೂ ಬಂದಿದ್ದರು. "ಹುಡುಗಿ ಹೊರಗೆ ಇರಲಿ, ದೊಡ್ಡವರಷ್ಟೇ ಬನ್ನಿ," ಎಂದೆ. ಆಗ ಅದು ನನಗೆ ಸಹಜವಾಗಿಯೇ ಕಂಡಿತು. ಲಗ್ನದ ಮಾತು, ಹುಡುಗಿಯ ಎದುರು ಬೇಡ ಅಂತ. ಮಾಳಪ್ಪನಿಗೆ ಇದ್ದುದನ್ನು ಇದ್ದಂತೆ ಹೇಳಿದೆ. ಇದಕ್ಕೆ ಸದ್ಯ ಔಷಧ ಇಲ್ಲ. ಬಿಸಿಲಿನಲ್ಲಿ ಕಪ್ಪು ಕನ್ನಡಕ ಹಾಕಿಕೋ, ಸಂಜೆಯಾದರೆ ಕೈಯಲ್ಲಿ ಬ್ಯಾಟರಿ ಇರಲಿ, ವರ್ಷಕ್ಕೊಮ್ಮೆ ಬಂದು ತೋರಿಸು. ರೋಗ ರಕ್ತದಲ್ಲಿ ಇಳಿದು ಬರುವಂಥದ್ದು ಎಂದಾಗ ಶಾಂತವ್ವ ಸೆಟೆದು ಕುಳಿತಳು.

"ನಮ್ಮ ಅಜ್ಜನ ತಮ್ಮಗೂ ಹಿಂಗ ಇತ್ತಂತರಿ. ಹಂಗಾದ್ರ ಲಗ್ನ ಮಾಡೂದೋ ಬ್ಯಾಡೋ? ಸುತ್ತು ಬಳಸಿ ಹೇಳಬ್ಯಾಡ್ರಿ. ಒಂದ ಮಾತಿನಾಗ ಹೇಳ್ರಿ."

ಇಲ್ಲಿ ಆ ಕಡೆಯ ಜನರ ಪದ್ಧತಿಯೊಂದನ್ನು ಹೇಳಬೇಕು. ಡಾಕ್ಟರು ಲೆಕ್ಚರ್ ಕೊಟ್ಟರೆ ಅವರಿಗೆ ನಂಬಿಕೆ ಬರುವುದಿಲ್ಲ. ಹೌದು ಅಥವಾ ಇಲ್ಲ, ಒಂದೇ ಮಾತು ಬೇಕು, ಆ ಮಾತು ಕೋರ್ಟಿನ ತೀರ್ಪಿದ್ದಂತೆ. ನನಗೂ ಅದೇ ರೂಢಿಯಾಗಿತ್ತು. ಬಿ ಡೆಫಿನಿಟ್ ಅಂತ ಸಿಸ್ಟರ್‌ಗಳು ಕಲಿಸಿದ್ದರಲ್ಲ!

"ಬೇಡ," ಎಂದೆ.

ಆ 'ಬೇಡ'ದ ಒಳಗೆ ಮೂರು 'ಇರಬಹುದು'ಗಳನ್ನು ನಾನು ನುಂಗಿಕೊಂಡಿದ್ದೆ. ಮಾಳಪ್ಪನಿಗೆ ಬಂದಂತಿದ್ದ ಬಗೆಯಲ್ಲಿ, ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ರೋಗ ಕಾಣಿಸಿಕೊಳ್ಳುತ್ತದೆ. ಶಾಂತವ್ವನಲ್ಲಿ ಆ ಜೀನ್ ಇರಬಹುದು, ಇಲ್ಲದಿರಬಹುದು. ಇದ್ದರೂ ರೇಣುಕಾಳಿಗೆ ಬಂದಿರಬಹುದು, ಬಾರದೆ ಇರಬಹುದು. ಬಂದಿದ್ದರೂ ಒಂದೊಂದು ಮಗುವಿಗೂ ಅರ್ಧಕ್ಕರ್ಧ. ಬಂದಿರದಿದ್ದರೆ ಮಕ್ಕಳಿಗೆ ಈ ರೋಗದ ಭಯವಿಲ್ಲ. ಅಪಾಯ ಇತ್ತು, ಅದು ಸುಳ್ಳಲ್ಲ. ಆದರೆ ಎಷ್ಟಿತ್ತು ಎಂಬುದನ್ನು ನಾನು ಅವರ ಮುಂದೆ ಇಡಲಿಲ್ಲ.

ಮಾಳಪ್ಪ ಒಂದೇ ಪ್ರಶ್ನೆ ಕೇಳಿದ. "ಆಕೀಗಿ ಏನೂ ಆಗೂದಿಲ್ಲಲ್ರಿ? ರೇಣಿಗಿ?"

"ಅವಳ ಕಣ್ಣಿಗೆ ಏನೂ ಆಗೋದಿಲ್ಲ."

"ಹಂಗಾದ್ರ ಬ್ಯಾರೆ ಕಡೆ ನೋಡು ಅಕ್ಕಾ," ಎಂದ, ಪೇಟೆಯಲ್ಲಿ ಬೇರೆ ಅಂಗಡಿ ನೋಡು ಎನ್ನುವಷ್ಟು ಸಲೀಸಾಗಿ. ಎದ್ದು ಹೋಗುವಾಗ ಬಾಗಿಲ ಚೌಕಟ್ಟಿಗೆ ಅವನ ಭುಜ ಬಡಿಯಿತು.

ಕೆಲವು ದಿನಗಳ ಮೇಲೆ ರೇಣುಕಾ ಒಬ್ಬಳೇ ಬಂದಳು. ಓಪಿಡಿಯ ಸಾಲು ಹೊರಬಾಗಿಲ ತನಕ ಬೆಳೆದಿತ್ತು. ಚೀಟಿ ಮಾಡಿಸಿ, ಪೇಷಂಟಿನ ಸ್ಟೂಲಿನ ಮೇಲೆ ಕುಳಿತು ಕೇಳಿದಳು.

"ನನ್ನ ಯಾಕ ಹೊರಗ ಕುಂಡ್ರಿಸಿದ್ರಿ ಬಾಯಾರ?"

"ನಿನ್ನ ಒಳ್ಳೇದಕ್ಕೇ ಹೇಳಿದ್ದು, ಹುಡುಗಿ."

"ಆಂವಗ ಕಾಣೂದಿಲ್ಲಂತ ನನಗ ಗೊತ್ತಿರಲಿಲ್ಲಂತ ತಿಳದೀರೇನು? ಸಾಲಿಗಿ ಹೋಗತಿದ್ದಾಗಿನಿಂದ ಸಂಜಿಮುಂದ ನಾನ ಮುಂದ, ಮಾಮಾ ಹಿಂದ. ನಾಲಿಗಿ ಸಪ್ಪಳ ಮಾಡಕೋತ ಹೋಗತೇನಿ. ತೆಗ್ಗು ಬಂದ್ರ ಎರಡ ಸಲ, ಮುಳ್ಳಿನ ಬೇಲಿ ಬಂದ್ರ ಮೂರ ಸಲ. ಮಂದಿಗಿ ಕುರಿ ಕರ್ಯಾಕತ್ತಾಳಂತ ಅನಸ್ತೈತಿ. ಆಂವ ಒಮ್ಮೆನೂ ಬಿದ್ದಿಲ್ಲ." ಕಾರಿಡಾರಿನ ಕಡೆ ಕೈ ಮಾಡಿ ಸೇರಿಸಿದಳು, "ನಿಮ್ಮ ದವಾಖಾನಿಯೊಳಗ ಒಮ್ಮೆ ಬಿದ್ದ."

ಆ ಸಪ್ಪಳವನ್ನು ನಿಲ್ಲಿಸಿದವಳು ನಾನು. ಕಾರಿಡಾರಿನಲ್ಲಿ ಒಮ್ಮೆ, ಈ ಕೋಣೆಯೊಳಗೆ ಇನ್ನೊಮ್ಮೆ.

"ಅವ್ವ ನನ್ನ ಮಾತು ಕೇಳೂದಿಲ್ಲ. ನಿಮ್ಮದು ಕೇಳತಾಳ. ಕರದು ಇನ್ನೊಮ್ಮೆ ಹೇಳ್ರಿ, ಹುಟ್ಟೂ ಮಕ್ಕಳಿಗಿ ಆಗಲೂಬಹುದು, ಆಗದನೂ ಇರಬಹುದು ಅಂತ. ಆಮ್ಯಾಲೆ ನಾ ನೋಡಕೋತೇನಿ."

ಯಾರೂ ಹೇಳಿಕೊಡದೆಯೇ ಅವಳು ನನ್ನ 'ಇರಬಹುದು'ಗಳ ಬುಡಕ್ಕೇ ಬಂದು ನಿಂತಿದ್ದಳು. ಶಾಂತವ್ವನನ್ನು ಕರೆಸುವುದು ಕಷ್ಟದ ಕೆಲಸವಾಗಿರಲಿಲ್ಲ. ಆದರೆ ಒಮ್ಮೆ ಹೇಳಿದ್ದನ್ನು ತಿರುಗಿಸಿ ಹೇಳಿದರೆ ಡಾಕ್ಟರ ಮಾತಿಗೆ ಬೆಲೆ ಎಲ್ಲಿ ಉಳಿಯುತ್ತದೆ ಎಂಬ ಜಂಬ ಅಡ್ಡ ಬಂತು. ಹೊರಗಿನ ಸಾಲು ಒಳ್ಳೆಯ ನೆಪವಾಯಿತು. "ನೋಡೋಣ," ಎಂದೆ. ಆಮೇಲೆ ಬಾಗಿಲ ಕಡೆ ತಿರುಗಿ, "ನೆಕ್ಸ್ಟ್."

ಮಳೆಗಾಲಕ್ಕೆ ಮೊದಲು ಅವಳನ್ನು ಬಸವನ ಬಾಗೇವಾಡಿ ಕಡೆ ಕೊಟ್ಟರೆಂದು ಶಾಂತವ್ವನೇ ಬಂದು ಹೇಳಿದಳು. ಕೈಮುಗಿದು, "ನೀವು ಹೇಳಿದ್ದು ಚಲೋ ಆತ್ರಿ," ಎಂದಳು. ಅವಳ ಆ ಕೃತಜ್ಞತೆಯನ್ನು ಸ್ವೀಕರಿಸಿದೆ ಕೂಡ. ಮಾಳಪ್ಪ ವರ್ಷಕ್ಕೊಮ್ಮೆ ತೋರಿಸಲು ಬರಲೇ ಇಲ್ಲ.

ಈಗ ರಕ್ತದ ಪರೀಕ್ಷೆಯಿಂದಲೇ ಅಂಥ ಜೀನ್ ಇದೆಯೋ ಇಲ್ಲವೋ ಎಂದು ಬಹುಮಟ್ಟಿಗೆ ತಿಳಿಯಬಹುದು. ಈ ರೋಗದಲ್ಲೇ ಒಂದು ವಿರಳ ಬಗೆಗೆ ಜೀನ್ ಥೆರಪಿಯೂ ಬಂದಿದೆ. ಜೆನೆಟಿಕ್ ಕೌನ್ಸೆಲಿಂಗ್ ಎಂದರೆ ಸಾಧ್ಯತೆಗಳನ್ನು ಬಿಡಿಸಿ ಹೇಳಿ, ನಿರ್ಧಾರವನ್ನು ಅದರೊಂದಿಗೆ ಬದುಕಬೇಕಾದವರ ಕೈಗೆ ಬಿಡುವುದು ಎಂದು ಹೊಸ ಡಾಕ್ಟರುಗಳಿಗೆ ಕಲಿಸುತ್ತಾರೆ. ನನಗೆ ಅದನ್ನು ಕಲಿಸಿದ್ದು ಸ್ಟೂಲಿನ ಮೇಲೆ ಕುಳಿತ ಒಬ್ಬ ಹುಡುಗಿ. ಕಲಿತದ್ದು ಅವಳ ಉಪಯೋಗಕ್ಕೆ ಬರಲಿಲ್ಲ. ಹತ್ತಿರದ ಸಂಬಂಧದ ಲಗ್ನ ಬೇಡವೆಂದು ಈಗಲೂ ಎಲ್ಲರಿಗೂ ಹೇಳುತ್ತೇನೆ. ಆದರೆ ಲಗ್ನವಾಗುವ ಇಬ್ಬರನ್ನೂ ಎದುರಿಗೆ ಕೂಡಿಸಿಕೊಂಡೇ ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ಒಮ್ಮೆ ಬಾಗೇವಾಡಿ ಬಸ್ ಸ್ಟ್ಯಾಂಡಿನಲ್ಲಿ ವಿಜಯಪುರದ ಬಸ್ಸಿಗೆ ಕಾಯುತ್ತಿದ್ದೆ. ಹೊತ್ತು ಇಳಿಯುತ್ತಿತ್ತು. "ಬಾಯಾರ, ಗುರ್ತು ಸಿಕ್ಕಿತೇನ್ರಿ?" ರೇಣುಕಾ. ಮೈ ತುಂಬಿಕೊಂಡಿದ್ದಳು. ಜೊತೆಗೆ ನಾಲ್ಕು ವರ್ಷದ ಮಗ. ಅವನು ಬೆಂಚಿನ ಕೆಳಗಿನ ಮಬ್ಬಿನಲ್ಲಿ ಉರುಳಿದ ಗೋಲಿಯೊಂದನ್ನು ಸಲೀಸಾಗಿ ಹೆಕ್ಕಿ ತಂದ.

"ಕಣ್ಣು ಚಲೋ ಅದಾವ," ಎಂದಳು ನನ್ನ ನೋಟ ಕಂಡು. "ಮಾಮಾನ ಜೋಡಿ ಆಗಿದ್ರೂ ಹಿಂಗ ಇರಬಹುದಿತ್ತಲ್ರಿ?"

ತಡವಾಗಿಯಾದರೂ ಅವಳಿಗೆ ಸಲ್ಲಬೇಕಾದ ಉತ್ತರ. "ಇರಬಹುದಿತ್ತು," ಎಂದೆ. "ಅವತ್ತು ನಿನ್ನನ್ನು ಒಳಗೆ ಕೂಡಿಸಿಕೊಂಡು ಅದನ್ನು ಹೇಳಬೇಕಾಗಿತ್ತು. ಐ ಆಮ್ ಸಾರಿ, ರೇಣುಕಾ."

ಅವಳು ಮಗನ ಮೂಗು ಒರೆಸಿದಳು. "ಮಾಮಾ ಕುರಿ ಮಾರ್ಯಾನ್ರಿ. ಹೊತ್ತು ಮುಳುಗೂದ್ರೊಳಗ ಮನಿ ಸೇರತಾನ, ಮತ್ತ ಹೊರಗ ಬರೂದಿಲ್ಲ. ಹ್ವಾದ ದೀಪಾವಳಿಗಿ ತವರಿಗಿ ಹೋಗಿದ್ದೆ. ಸಂಜಿಮುಂದ ಅಂಗಳದಾಗ ನಿಂತು ನಾಲಿಗಿ ಸಪ್ಪಳ ಮಾಡಿದೆ, ಬಾ ಗುಡಿತನಕ ಹೋಗಿ ಬರೂಣಂತ. ಕುಂತಲ್ಲಿಂದನ ಅಂದ, ಸಪ್ಪಳ ಮಾಡಬ್ಯಾಡ ರೇಣಿ, ಮಂದಿ ಮನಿಯಾಕಿ ಆದಿ ನೀ."

ಅವಳ ಬಸ್ಸು ಬಂತು. ಅವಳು ಮೊದಲು ಹತ್ತಿದಳು. ಮಗ ಕೆಳಗೆ ನಿಂತು ಎತ್ತರದ ಮೆಟ್ಟಿಲು ನೋಡಿ ಅನುಮಾನಿಸಿದ. ಒಳಗಿನ ದೀಪ ಇನ್ನೂ ಹಚ್ಚಿರಲಿಲ್ಲ. ಆ ಟಕ್ ಟಕ್ ಸಪ್ಪಳಕ್ಕೆ ನನ್ನ ಕಿವಿ ತಾನಾಗಿ ಕಾದಿತ್ತು. ರೇಣುಕಾ ಬಾಗಿಲ ಸರಳು ಹಿಡಿದು ಬಾಗಿ, ಏನೂ ಸಪ್ಪಳ ಮಾಡದೆ, ಮಗನಿಗೆ ಕೈ ಚಾಚಿದಳು.