ಬೀರದೇವ ಮಾಮಾನ ಧ್ವನಿಗೆ ಹಾಕಿದ ದಾರಿ

ಸಂಖ ಊರಿನ ತಾನಾಜಿಯ ಅಂಜುಬುರುಕತನ ಹುಟ್ಟಿನಿಂದಲೇ ಬಂದದ್ದು. ಕುರಿ ಕಾಯಲು ಕಳಿಸಿದರೆ ತೋಳದ ಹೆಸರು ಕೇಳಿಯೇ ಹಿಂಡು ಹೊಡೆದುಕೊಂಡು ಮನೆಗೆ ಬರುತ್ತಿದ್ದ. ಅಂಥವನು ದೊಡ್ಡವನಾಗಿ ಮದುವೆಗಳಲ್ಲಿ ಕೀಬೋರ್ಡ್ ನುಡಿಸತೊಡಗಿದ. ಅದರೊಳಗಿನ ಧ್ವನಿಗಳನ್ನು ಬಿಚ್ಚಿ ಜೋಡಿಸಿ, ಕೊಳಲಿನ ಧ್ವನಿಯನ್ನು ಸನಾದಿಯ ಧ್ವನಿ ಮಾಡುತ್ತ ಕೂತಾಗ ಮಾತ್ರ ಅವನಿಗೆ ಯಾವ ಅಂಜಿಕೆಯೂ ಇರುತ್ತಿರಲಿಲ್ಲ.

ಈ ಸಲ ಅದರೊಳಗೆ ಹೋಗಬೇಕಾದದ್ದು ಸೋದರಮಾವ ಬೀರದೇವನ ಧ್ವನಿ. ಅಮಾವಾಸ್ಯೆಗೆ ಬೀರಪ್ಪನ ಗುಡಿ ಮುಂದೆ ಡೊಳ್ಳಿನ ಹಾಡಿಗೆ ಮುಂದಾಳು ಅವನೇ. ಗಂಟಲಿನ ಆಪರೇಷನ್ ಆದಮೇಲೆ ಮೇಲಿನ ಸುರಕ್ಕೆ ಹೋದರೆ ಧ್ವನಿ ಒಡೆಯುತ್ತಿತ್ತು. ಈ ಅಮಾವಾಸ್ಯೆಗೂ ಒಡೆದರೆ ಹಿಮ್ಮೇಳದ ಸಾತಪ್ಪನನ್ನು ಮುಂದೆ ನಿಲ್ಲಿಸೋಣ ಎಂದು ಮೇಳದವರು ಮಾತಾಡಿಕೊಂಡಿದ್ದರು. ಹಾಡು ಹೋದರೆ ಮಾಮಾನಲ್ಲಿ ಉಳಿಯುವುದೇನು?

“ಅಂಜಬ್ಯಾಡ್ರಿ ಮಾಮಾ, ನಾ ಅದೀನಿ” ಎಂದುಬಿಟ್ಟ ತಾನಾಜಿ. ಅಂದ ಗಳಿಗೆಯಿಂದ ಅವನಿಗೇ ಅನ್ನ ಸೇರಲಿಲ್ಲ.

ಮೈಕಿನ ಧ್ವನಿಗೆ ಕೀಬೋರ್ಡಿನೊಳಗೆ ಒಂದು ದಾರಿ ಹಾಕಿದ. ಮೊದಲು ಕರಕರ ಸೋಸುವ ಫಿಲ್ಟರ್, ಆಮೇಲೆ ಜಾರಿದ ಸುರವನ್ನು ಹಿಡಿದು ಜಾಗಕ್ಕೆ ಕೂರಿಸುವ ಪಿಚ್, ಕೊನೆಗೆ ತುಸು ಎಕೋ. ಮಾಮಾ ಹಾಡು ಎತ್ತುವ ಸುರಕ್ಕೆ, ಕೀಬೋರ್ಡಿನ ನಾಲ್ಕನೇ ಕಪ್ಪು ಮನೆಗೆ, ಎಲ್ಲವನ್ನೂ ಬಿಗಿದ. ಮನೆಯಲ್ಲಿ ಮಾಮಾ ಮೆಲ್ಲಗೆ ಹಾಡಿದಾಗ ಹಳೆಯ ಧ್ವನಿಯೇ ಬಂದಂತಿತ್ತು.

ಅಮಾವಾಸ್ಯೆಯ ಮಧ್ಯಾಹ್ನ ಮೊದಲ ನುಡಿ ಚೆನ್ನಾಗಿಯೇ ಹೋಯಿತು. ಡೊಳ್ಳು ಬಿಸಿಯೇರಿದಾಗ ತಾನಾಜಿಗೆ ತನ್ನ ತಪ್ಪು ಹೊಳೆಯಿತು. ಡೊಳ್ಳಿನ ಹಾಡು ಒಂದೇ ಸುರದಲ್ಲಿ ನಿಲ್ಲುವುದಿಲ್ಲ. ಏಟು ಬಿರುಸಾದಂತೆ ಹಾಡುವವನೂ ಮೇಲೇರುತ್ತ ಹೋಗುತ್ತಾನೆ. ಕೂಸಿದ್ದಾಗಿನಿಂದ ಕೇಳಿದ್ದನ್ನೇ ಈ ಪುಣ್ಯಾತ್ಮ ಮರೆತಿದ್ದ! ಮಾಮಾ ಮೇಲೇರಿದಷ್ಟೂ ಮಷಿನ್ ಕೆಳಗೆಳೆಯುತ್ತಿತ್ತು. ಧ್ವನಿ ನಡುವೆ ಸಿಕ್ಕಿಕೊಂಡು ಒದ್ದಾಡಿತು. ಕೇಳುವವರು ಮುಖ ಮುಖ ನೋಡಿಕೊಂಡರು.

ಪಿಚ್ ಬಂದ್ ಮಾಡಿದರೆ ಒಡಕು ಧ್ವನಿ ಊರ ಮುಂದೆ ಬಯಲಾಗುತ್ತದೆ. ಹಾಗೇ ಬಿಟ್ಟರೆ ಹಾಡೇ ಕೆಡುತ್ತದೆ. ತಾನಾಜಿ ಕಣ್ಣು ಮುಚ್ಚಿ ಪಿಚ್ ಬಂದ್ ಮಾಡಿಬಿಟ್ಟ.

ಮಾಮಾನ ಧ್ವನಿ ಇದ್ದಂತೆಯೇ ಹೊರಬಂತು, ಏರಿತು, ತುದಿಯಲ್ಲಿ ಒಡೆಯಿತು. ಎಲ್ಲ ಮುಗಿಯಿತು ಎಂದುಕೊಂಡ ತಾನಾಜಿ. ಆಗ ಹಿಮ್ಮೇಳದಲ್ಲಿದ್ದ ಸಾತಪ್ಪ ಕಿವಿಗೆ ಕೈಹಚ್ಚಿ, ಒಡೆದಲ್ಲಿಂದಲೇ ಸುರ ಎತ್ತಿಕೊಂಡ. ಉಳಿದವರೂ ಕೂಡಿದರು. ಮಾಮಾ ಉಸಿರು ತೆಗೆದುಕೊಂಡು ಅವರ ಧ್ವನಿಯೊಳಕ್ಕೆ ಮರಳಿ ಬಂದ. ಒಡೆದಾಗಲೆಲ್ಲ ಅವರು ಎತ್ತಿಕೊಂಡರು. ಹಾಡು ಕೊನೆ ಮುಟ್ಟಿತು. ದೇವರ ಭಂಡಾರದ ಅರಿಶಿನ ಹಚ್ಚುವಾಗ ಮೊದಲ ಬೊಟ್ಟನ್ನು ಸಾತಪ್ಪನೇ ಮಾಮಾನ ಹಣೆಗೆ ಇಟ್ಟ.

ವೈರು ಸುತ್ತುತ್ತಿದ್ದ ತಾನಾಜಿ ತಲೆ ಎತ್ತಲಿಲ್ಲ. “ತಪ್ಪಾತ್ರಿ ಮಾಮಾ. ನಡುವ ಮಷಿನ್ ಬಂದ್ ಮಾಡಿದೆ.”

“ಗೊತ್ತಾತು. ಎರಡನೇ ನುಡಿಗೇ ಬಂದ್ ಮಾಡಬೇಕಿತ್ತಲ್ಲೋ ತಾನ್ಯಾ. ಎಕೋ ಒಂದು ಇರ್ಲಿ, ಅದು ಚಲೋ ಐತಿ.”

“ಮತ್ತ ನೀವರ ಒಂದ್ ಕೈಸನ್ನಿ ಮಾಡಬಾರದೇನ್ರಿ?”

“ಹ್ಯಾಂಗ ಮಾಡ್ಲಿ?” ಬೀರದೇವ ಅವನ ಬೆನ್ನ ಮೇಲೆ ಕೈಯಿಟ್ಟ. “ನನ್ನ ಸಲುವಾಗಿ ಭಾಳ ಜೀವಾ ತೇದಿದ್ದಿ. ನೀ ಎಲ್ಲಿ ನೊಂದಕೊಂತಿ ಅಂತ ಅಂಜಿ, ಮಷಿನ್ ಎಳದಂಗ ಹಾಡಕೋತ ನಿಂತಿದ್ನೆಪಾ.”